ನಿಶ್ಚಿತಾರ್ಥಕ್ಕೆ ಮಾಡಿದ ಅವಲಕ್ಕಿ ಖಾರ

ನಮ್ಮೂರಿನ ಸರ್ಕಾರಿ ಆಸ್ಪತ್ರೆಯಲ್ಲಿ ಕೇರಳದ ನರ್ಸೊಬ್ಬರು ಹನ್ನೆರಡು ವರ್ಷ ಕೆಲಸ ಮಾಡಿದರು. ಹುಣಸೂರಿನಿಂದ ವೀರನಹೊಸಹಳ್ಳಿಗೆ ಹೋಗುವ ರಸ್ತೆಯಲ್ಲಿ ಬಸ್ಸಿಳಿದು ಸ್ವಲ್ಪ ಒಳಗೆ ನಡೆದರೆ ನಮ್ಮೂರು. ಡಾಕ್ಟರು ಬಂದು ಹೋಗುವವರು. ಇವರು ಮಾತ್ರ ಆಸ್ಪತ್ರೆಯ ಹಿಂದಿನ ಎರಡು ಕೋಣೆಯ ಕ್ವಾರ್ಟರ್ಸಿನಲ್ಲೇ ಇರುತ್ತಿದ್ದರು. ಗಂಡ ಕೊಡಗಿನ ಕಾಫಿ ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರು, ತಿಂಗಳಿಗೊಮ್ಮೆ ಬಂದು ಎರಡು ದಿನ ಇದ್ದು ಹೋಗುತ್ತಿದ್ದರು. ಮಕ್ಕಳಿರಲಿಲ್ಲ. ಊರಿನವರೆಲ್ಲ ಅವರನ್ನು ಸಿಸ್ಟ್ರಮ್ಮ ಎನ್ನುತ್ತಿದ್ದರು.

ನನ್ನ ತಮ್ಮ ಹುಟ್ಟಿದ್ದು ನನಗೆ ಹನ್ನೊಂದು ವರ್ಷ ಆಗಿದ್ದಾಗ. ನಡುವೆ ಎರಡು ಕೂಸು ಹೋಗಿದ್ದವು. ಆ ಸಲವೂ ಅವ್ವನಿಗೆ ಕಷ್ಟವಾಯಿತು. ಹುಣಸೂರಿಗೆ ಕರೆದೊಯ್ಯಲು ಅಪ್ಪ ವ್ಯಾನು ಹುಡುಕುತ್ತಿದ್ದಾಗಲೇ ಸಿಸ್ಟ್ರಮ್ಮ ನಮ್ಮ ನಡುಮನೆಯಲ್ಲಿ ಸೀರೆ ಎತ್ತಿ ಕಟ್ಟಿ ಕೂತಿದ್ದರು. ನಾನು ಬಿಸಿನೀರು ಹೊತ್ತು ಹೊತ್ತು ಕೊಟ್ಟಿದ್ದು ನೆನಪಿದೆ. ಮಗು ಅಳಲಿಲ್ಲ. ಅವರು ಅದನ್ನು ಕಾಲು ಹಿಡಿದು ಎತ್ತಿ, ಬೆನ್ನು ಉಜ್ಜಿ, ಬಾಯಿಗೆ ಬಾಯಿ ಇಟ್ಟು ಉಸಿರು ಕೊಟ್ಟು, ಕೊನೆಗೆ ಅಳಿಸಿದರು. ಬಾಣಂತನದ ಮೂರು ತಿಂಗಳೂ ದಿನ ಬಿಟ್ಟು ದಿನ ಬಂದು ಅವ್ವನನ್ನು ನೋಡಿ ಹೋಗುತ್ತಿದ್ದರು. ಅವ್ವನನ್ನು ಅವರ ಭಾಷೆಯಲ್ಲಿ ಚೇಚಿ, ಅಂದರೆ ಅಕ್ಕ, ಎಂದು ಕರೆಯುವುದಕ್ಕೆ ಶುರು ಮಾಡಿದ್ದು ಆಗಲೇ. ನನ್ನನ್ನು ಮೋಳೆ ಎನ್ನುತ್ತಿದ್ದರು, ಮಗಳೇ ಎಂದು; ತಮ್ಮನನ್ನು ಮೋನ್, ಮಗ ಎಂದು.

ಅವರ ಮನೆಯಲ್ಲಿ ಒಂದು ಕರೆಂಟಿನ ಓವನ್ ಇತ್ತು. ಗುಂಡಗೆ, ಅಲ್ಯೂಮಿನಿಯಮ್ಮಿನದು, ಮುಚ್ಚಳದ ನಡುವೆ ಗಾಜಿನ ಕಿಂಡಿ. ಕ್ರಿಸ್ಮಸ್ಸಿಗೆ ಅದರಲ್ಲಿ ಕೇಕು ಮಾಡುತ್ತಿದ್ದರು. ನಮ್ಮದು ಮೊಟ್ಟೆ, ಮಾಂಸ ಮುಟ್ಟದ ಮನೆ. ಆದ್ದರಿಂದ ಆ ಕೇಕು ನಮಗೆ ಬರುತ್ತಿರಲಿಲ್ಲ, ಅವರೂ ಕೊಟ್ಟು ಮುಜುಗರ ಮಾಡುತ್ತಿರಲಿಲ್ಲ. ಒಂದು ವರ್ಷ ಅವರೇ ಅವ್ವನಿಗೆ ಹೇಳಿದರು, ಅದರಲ್ಲಿ ಅವಲಕ್ಕಿ ಖಾರವನ್ನೂ ಮಾಡಬಹುದು, ಬಾಣಲೆ ತುಂಬ ಎಣ್ಣೆ ಇಡಬೇಕಿಲ್ಲ ಎಂದು. ಅವ್ವ ಕೇಕಿನ ತಟ್ಟೆಯನ್ನೇ ನೋಡಿದಳು. ಅವಳ ಮನಸ್ಸಿನಲ್ಲಿ ಏನಿದೆ ಎಂದು ಅವರಿಗೆ ತಿಳಿಯಿತೇನೋ. ಮುಂದಿನ ಸಲ ಮೈಸೂರಿಗೆ ಹೋದಾಗ ಅದೇ ಅಳತೆಯ ಹೊಸ ತಟ್ಟೆ ತಂದರು. ಕಾಗದ ಸುತ್ತಿದ್ದ ಹಾಗೇ ನಮಗೆ ತೋರಿಸಿ, ‘ಇದು ಚೇಚಿ ತಟ್ಟೆ. ಬೇರೆ ಏನೂ ಇದರಲ್ಲಿ ಇಡುವುದಿಲ್ಲ’ ಎಂದರು. ಓವನ್ನಿನ ಒಳಗನ್ನು ಹುಣಸೆಹಣ್ಣು ಹಚ್ಚಿ ತಿಕ್ಕಿ ಒರೆಸಿದ್ದರು.

ಅಲ್ಲಿಂದ ನಮ್ಮ ಮನೆಯಲ್ಲಿ ಏನೇ ಸಮಾರಂಭವಿದ್ದರೂ ಆ ಖಾರ ಇರಲೇಬೇಕಾಯಿತು. ತಮ್ಮನ ಹುಟ್ಟುಹಬ್ಬಕ್ಕೆ, ಚಿಕ್ಕಪ್ಪನ ಮನೆಯ ಗೃಹಪ್ರವೇಶಕ್ಕೆ, ಶಾಲೆಯ ಮೇಷ್ಟರೊಬ್ಬರು ವರ್ಗವಾಗಿ ಹೋಗುವಾಗ ಊರವರು ಮಾಡಿದ ಟೀ ಪಾರ್ಟಿಗೆ. ಮಾಡುವ ರೀತಿ ನನಗೆ ಈಗಲೂ ಬಾಯಿಪಾಠ. ಗೋಧಿಹಿಟ್ಟಿಗೆ ಓಮ, ಉಪ್ಪು, ಎರಡು ಚಮಚ ತುಪ್ಪ ಹಾಕಿ ಗಟ್ಟಿಯಾಗಿ ಕಲೆಸಿ, ಲಟ್ಟಿಸಿ, ಉಗುರಿನಷ್ಟು ಚಿಕ್ಕ ವಜ್ರದಾಕಾರಕ್ಕೆ ಕೊಯ್ದು ಮೊದಲು ಬೇಯಿಸುವುದು. ಆಮೇಲೆ ಉಪ್ಪುನೀರು ಚಿಮುಕಿಸಿದ ಕಡ್ಲೆಬೀಜ. ಆಮೇಲೆ ತೆಳು ಅವಲಕ್ಕಿ, ಒಂದು ಸಲಕ್ಕೆ ಎರಡೇ ಹಿಡಿ. ಹೆಚ್ಚು ಹಾಕಿದರೆ ಕೆಳಗಿನದು ಕಂದಿ ಮೇಲಿನದು ಮೆತ್ತಗೇ ಉಳಿಯುತ್ತದೆ. ಸಿಸ್ಟ್ರಮ್ಮ ಮುಚ್ಚಳ ತೆಗೆದು ಒಂದೆರಡು ಎಸಳನ್ನು ಬೆರಳಲ್ಲಿ ಮುರಿದು ಕಿವಿಯ ಹತ್ತಿರ ಹಿಡಿಯುತ್ತಿದ್ದರು. ಸದ್ದು ಕೇಳಿದರೆ ಆಯಿತು ಎಂದರ್ಥ. ಕೊನೆಗೆ ಒಂದು ಸೌಟು ಎಣ್ಣೆಯಲ್ಲಿ ಸಾಸಿವೆ, ಇಂಗು, ಕರಿಬೇವು, ಒಣಮೆಣಸಿನಕಾಯಿಯ ಒಗ್ಗರಣೆ. ಅವರು ಕೊಬ್ಬರಿ ಎಣ್ಣೆ ಎನ್ನುವರು, ಅವ್ವ ಕಡ್ಲೆಕಾಯಿ ಎಣ್ಣೆ ಎನ್ನುವಳು, ಗೆಲ್ಲುತ್ತಿದ್ದವಳು ಅವ್ವನೇ. ಹುರಿಗಡಲೆ, ಕೊಬ್ಬರಿ ಚೂರು, ಊರಿಂದ ಅವರು ತಂದ ಗೋಡಂಬಿ ಸೇರಿಸಿ, ಒಗೆದ ಪಂಚೆಯ ಮೇಲೆ ಎಲ್ಲವನ್ನೂ ಹರವಿ ಕಲೆಸುವುದು. ಆರುವ ಮೊದಲು ಡಬ್ಬಕ್ಕೆ ತುಂಬಿದರೆ ಕೆಟ್ಟಿತು.

ನನಗೆ ಇಪ್ಪತ್ತಾದಾಗ ಸಂಬಂಧ ಬಂತು. ಕೆ.ಆರ್. ನಗರದ ಕಡೆ, ಭೇರ್ಯದ ಹತ್ತಿರದ ಊರು. ನಮ್ಮದು ಹೊಗೆಸೊಪ್ಪು, ರಾಗಿ ಬೆಳೆಯುವ ಬೆದ್ದಲು. ಅವರದು ನಾಲೆ ನೀರಿನ ಗದ್ದೆ. ನೀರಾವರಿ ಸೀಮೆಯವರು ನಮ್ಮ ಕಡೆಯಿಂದ ಹೆಣ್ಣು ಕೇಳಿಕೊಂಡು ಬಂದದ್ದೇ ಅಪ್ಪನಿಗೆ ದೊಡ್ಡ ಮಾತಾಗಿತ್ತು. ಹುಡುಗನ ತಂದೆಗೆ ಎದೆನೋವು ಬಂದು ಡಾಕ್ಟರು ಕರಿದದ್ದನ್ನು ಬಿಡಿಸಿದ್ದಾರೆ ಎಂದು ಸಂಬಂಧ ತಂದವರಿಂದ ಅವ್ವನಿಗೆ ತಿಳಿಯಿತು. ಕೂಡಲೇ ಕ್ವಾರ್ಟರ್ಸಿಗೆ ಹೋದಳು. ನಾನೂ ಜೊತೆಗಿದ್ದೆ.

‘ಸಿಸ್ಟ್ರಮ್ಮ, ಬೀಗ್ರು ಎಣ್ಣೆ ಮುಟ್ಟಲ್ವಂತೆ. ನಿಶ್ಚಿತಾರ್ಥಕ್ಕೆ ಐವತ್ತು ಜನ ಬತ್ತಾರೆ. ನೀವೇ ನನ್ನ ಮಾನ ಉಳ್ಸಬೇಕು’ ಎಂದಳು.

‘ಮೋಳೆ ಮದುವೆಗೆ ನಾನು ಮಾಡದೆ ಯಾರು ಮಾಡುವುದು?’ ಎಂದರು ಅವರು.

ಎರಡು ಮಧ್ಯಾಹ್ನ ಕೂತು ಮಾಡಿದೆವು. ಸಂಜೆಯಾದರೆ ವೋಲ್ಟೇಜು ಇಳಿದು ಓವನ್ ಬಿಸಿಯೇ ಏರುತ್ತಿರಲಿಲ್ಲ. ಅದಕ್ಕೇ ಅವರು ಆಸ್ಪತ್ರೆಯ ಊಟದ ಬಿಡುವಿಗೆ ಸೇರಿಸಿ ಅರ್ಧ ದಿನದ ರಜೆ ಹಾಕಿದರು. ಬಿಸಿ ತಟ್ಟೆ ತಾಗಿ ಮಣಿಕಟ್ಟಿನ ಹತ್ತಿರ ಸುಟ್ಟುಕೊಂಡರು. ಅದಕ್ಕೆ ತಾವೇ ಮುಲಾಮು ಹಚ್ಚಿಕೊಂಡು ಮತ್ತೆ ಕೂತರು. ಎರಡು ದೊಡ್ಡ ಬಿಸ್ಕತ್ತಿನ ಡಬ್ಬ ತುಂಬಿತು.

ನಿಶ್ಚಿತಾರ್ಥದ ದಿನ ಅವರು ಬೆಳಿಗ್ಗೆಯೇ ಬಂದರು. ಅವರ ಕಡೆಯ, ಜರಿ ಅಂಚಿನ ಕೆನೆಬಣ್ಣದ ಸೀರೆ ಉಟ್ಟಿದ್ದರು. ಹಿತ್ತಲ ಕಡೆಯ ಜಗುಲಿಯಲ್ಲಿ ಕೂತು ಕಾಗದದ ತಟ್ಟೆಗಳಿಗೆ ಖಾರ, ಮೈಸೂರುಪಾಕು, ಬಾಳೆಹಣ್ಣು ಜೋಡಿಸುತ್ತಿದ್ದರು. ಶಾಸ್ತ್ರವೆಲ್ಲ ಮುಗಿದು ತಟ್ಟೆಗಳು ನಡುಮನೆಗೆ ಬಂದವು. ಹುಡುಗನ ತಂದೆ ಗೋಡೆಗೊರಗಿ ಕೂತಿದ್ದರು. ಮೈಸೂರುಪಾಕನ್ನು ಬದಿಗಿಟ್ಟು ಖಾರವನ್ನೇ ತಿಂದರು, ಮುಗಿಸಿ ಇನ್ನೊಂದು ತಟ್ಟೆ ಕೇಳಿದರು.

‘ಎಣ್ಣೆ ಜಿಡ್ಡೇ ಇಲ್ವಲ್ಲ. ಎಂಗೆ ಮಾಡುದ್ರಿ ಇದ?’

ಅವ್ವ ಹಿಗ್ಗಿಹೋದಳು. ‘ಮನೇಲೇ ಮಾಡುದ್ದು. ಬೇಯ್ಸುದ್ದು, ಕರ್ದಿಲ್ಲ’ ಎಂದಳು.

ಹುಡುಗನ ತಂದೆಯ ಪಕ್ಕದಲ್ಲಿ ಕೂತಿದ್ದವರು ಅವರ ಅಕ್ಕ. ಮಡಿ, ಪೂಜೆ ಜಾಸ್ತಿ ಇದ್ದ ಹೆಂಗಸು. ಬಾಗಿಲ ಸಂದಿಯಿಂದ ಹಿತ್ತಲ ಜಗುಲಿ ಅವರಿಗೆ ಕಾಣುತ್ತಿತ್ತು.

‘ತಟ್ಟೆಗೆ ಆಕ್ತಾವ್ರಲ್ಲ, ಆ ಯಮ್ಮ ಯಾರು? ಹಣೇಲಿ ಏನೂ ಇಲ್ಲ’ ಎಂದು ಕೇಳಿದರು.

‘ಆಸ್ಪತ್ರೆ ನರ್ಸಮ್ಮ ಕಣಕ್ಕಾರೆ. ಊರಲ್ಲವ್ರೆ, ಅದ್ಕೆ ಬಂದವ್ರೆ’ ಎಂದಳು ಅವ್ವ.

‘ಈ ಬೇಯ್ಸೋದು ಗೀಯ್ಸೋದೆಲ್ಲ ಅವ್ರ ಕಡೇದಲ್ವಾ? ಅವ್ರು ಮಾಡುದ್ದಾ ಇದು?’

ನಡುಮನೆಯಲ್ಲಿ ಮಾತು ನಿಂತಿತು. ಒಬ್ಬಿಬ್ಬರು ತಟ್ಟೆಯ ಮೇಲಿನ ಕೈ ತೆಗೆದರು. ಅಪ್ಪ ಅವ್ವನ ಕಡೆ ನೋಡಿದ.

ಅವ್ವ ಹೇಳಿದಳು: ‘ಅಯ್ಯೋ ಎಲ್ಲಾರ ಉಂಟಾ. ಅವ್ರ ಕೈಲಿ ನಮ್ಮನೇಲಿ ಏನೂ ಮುಟ್ಸಲ್ಲ ಕಣಕ್ಕಾರೆ. ಅಷ್ಟು ಗೊತ್ತಾಗಲ್ವಾ ನಮ್ಗೆ.’

ಆ ಹೆಂಗಸು ನನ್ನ ಕಡೆ ತಿರುಗಿದರು. ಹೂವಿನ ಭಾರಕ್ಕೆ ತಲೆ ಬಗ್ಗಿಸಿ ಕೂತಿದ್ದ ನನ್ನನ್ನು ಕೇಳಿದರು: ‘ಔದೇನ್ ಮಗ?’

ನಾನು ಹೂಂ ಎಂದೆ.

ತಲೆ ಎತ್ತಿದಾಗ ಸಿಸ್ಟ್ರಮ್ಮ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದರು. ಎರಡು ಕೈಯಲ್ಲೂ ತಟ್ಟೆಗಳಿದ್ದವು. ಮಣಿಕಟ್ಟಿನ ಸುಟ್ಟ ಗಾಯಕ್ಕೆ ಹತ್ತಿಬಟ್ಟೆ ಸುತ್ತಿತ್ತು. ಅವರು ನನ್ನನ್ನಾಗಲಿ ಅವ್ವನನ್ನಾಗಲಿ ನೋಡಲಿಲ್ಲ. ತಟ್ಟೆಗಳನ್ನು ಅಲ್ಲೇ ಅಕ್ಕಿಮೂಟೆಯ ಮೇಲೆ ಒಂದೊಂದಾಗಿ ಇಟ್ಟು, ಸೆರಗಿಗೆ ಕೈ ಒರೆಸಿಕೊಂಡು, ಹಿತ್ತಲ ಬಾಗಿಲಿಂದ ಹೊರಟುಹೋದರು. ಸ್ವಲ್ಪ ಹೊತ್ತಿಗೆ ನಡುಮನೆಯಲ್ಲಿ ಮತ್ತೆ ಮಾತು ಶುರುವಾಯಿತು. ಎರಡೂ ಡಬ್ಬದ ಖಾರ ಖರ್ಚಾಯಿತು.

ಬೀಗರು ಹೋದ ಮೇಲೆ ಅವ್ವ ಮೈಸೂರುಪಾಕು, ಹಣ್ಣು, ರವಿಕೆ ಕಣ ಎಲ್ಲ ಒಂದು ಚೀಲಕ್ಕೆ ಹಾಕಿ ನನ್ನ ಕೈಗೆ ಕೊಟ್ಟು, ‘ಸಿಸ್ಟ್ರಮ್ಮಂಗೆ ಕೊಟ್ಬುಟ್ಟು ಬಾ’ ಎಂದಳು. ‘ನೀನೇ ಬಾ’ ಎಂದೆ. ‘ನಂಗೆ ಮೊಕ ಇಲ್ಲ ಕಣವ್ವ’ ಎಂದಳು.

ಒಬ್ಬಳೇ ಹೋದೆ. ಸಿಸ್ಟ್ರಮ್ಮ ಸೀರೆ ಬದಲಿಸಿ ಆಸ್ಪತ್ರೆಯ ಬಿಳಿ ಸೀರೆಯಲ್ಲಿದ್ದರು. ಚೀಲ ತೆಗೆದುಕೊಂಡರು. ‘ಎಲ್ಲ ಚೆನ್ನಾಗಿ ಆಯಿತಾ?’ ಎಂದು ಕೇಳಿದರು. ಆಯಿತು ಎಂದೆ. ‘ಹುಡುಗ ಒಳ್ಳೆಯವನ ಹಾಗೆ ಕಾಣುತ್ತಾನೆ’ ಎಂದರು. ಆಮೇಲೆ ಒಳಗೆ ಹೋಗಿ ಆ ತಟ್ಟೆಯನ್ನು ತಂದರು. ತೊಳೆದು ಒರೆಸಿ ದಿನಪತ್ರಿಕೆಯಲ್ಲಿ ಸುತ್ತಿತ್ತು.

‘ಇದು ಅಮ್ಮನದು. ತೆಗೆದುಕೊಂಡು ಹೋಗು’ ಎಂದರು.

ಅದುವರೆಗೆ ಅವರು ಒಂದು ಸಲವೂ ಅವ್ವನನ್ನು ಅಮ್ಮ ಎಂದು ಕರೆದವರಲ್ಲ. ನಾನು ತಟ್ಟೆಯನ್ನು ಎದೆಗವುಚಿಕೊಂಡು ಬಂದೆ. ಅವ್ವ ಅದನ್ನು ಬಿಚ್ಚದೆ ಅಟ್ಟಕ್ಕೆ ಹಾಕಿದಳು.

ಮದುವೆ ಚುಂಚನಕಟ್ಟೆಯ ಹತ್ತಿರ ಒಂದು ಛತ್ರದಲ್ಲಿ ಎಂದು ಗೊತ್ತಾಯಿತು. ಬೀಗರ ಮನೆಯಿಂದ ಹೇಳಿಕಳಿಸಿದರು: ವರಪೂಜೆಯ ಸಂಜೆ ಟೀ ಜೊತೆಗೆ ಅದೇ ಖಾರ ಇರಲಿ, ಯಜಮಾನರು ಅದನ್ನೇ ನೆನೆಸಿಕೊಳ್ಳುತ್ತಿದ್ದಾರೆ. ಅವ್ವ ಎರಡು ದಿನ ಊಟ ಬಿಟ್ಟವಳ ಹಾಗೆ ಓಡಾಡಿದಳು. ಮೂರನೆಯ ದಿನ ಕ್ವಾರ್ಟರ್ಸಿಗೆ ಹೋಗಿ ಬಂದಳು.

‘ಓವನ್ ಕೆಟ್ಟೋಗದಂತೆ. ಕಾಯಿಲ್ ಸುಟ್ಟೋಗದಂತೆ’ ಎಂದಳು.

ನಿಜವಾಗಿ ಕೆಟ್ಟಿತ್ತೋ ಇಲ್ಲವೋ ನಮಗೆ ಗೊತ್ತಿಲ್ಲ. ನೋಡಿಬರುವ ಧೈರ್ಯ ನಮ್ಮಿಬ್ಬರಿಗೂ ಇರಲಿಲ್ಲ.

ಆಗ ಹೊಗೆಸೊಪ್ಪು ಬೇಯಿಸುವ ಕಾಲ. ಅಪ್ಪನ ಬ್ಯಾರನ್ನಿನಲ್ಲಿ, ಅಂದರೆ ಸೊಪ್ಪು ಒಣಗಿಸುವ ಎತ್ತರದ ಗೂಡಿನಲ್ಲಿ, ಸೊಪ್ಪು ಇಳಿಸಿದ ಮೇಲೂ ಒಂದು ದಿನ ಬಿಸಿ ಉಳಿದಿರುತ್ತದೆ. ಅವ್ವ ಅಟ್ಟದಿಂದ ತಟ್ಟೆ ಇಳಿಸಿ ಅವಲಕ್ಕಿ ಹರವಿ ಅಲ್ಲಿ ಇಟ್ಟಳು. ಗರಿಗರಿಯಾಯಿತು. ಆದರೆ ಬಾಯಿಗಿಟ್ಟರೆ ಬರೀ ಹೊಗೆಸೊಪ್ಪಿನ ಘಾಟು. ದನದ ಮುಂದೆ ಸುರಿದರೆ ಅದೂ ಮೂಸಿ ಮುಖ ತಿರುಗಿಸಿತು. ಕೊನೆಗೆ ಅಪ್ಪ ಹುಣಸೂರಿನ ಬೇಕರಿಯಿಂದ ಖಾರ ತಂದ. ಅವ್ವ ಅದನ್ನು ಕಾಗದದ ಮೇಲೆ ಸುರಿದು ಎಣ್ಣೆ ಹೀರಿಸಿ ಮನೆಯ ಡಬ್ಬಕ್ಕೆ ತುಂಬಿದಳು. ವರಪೂಜೆಯ ಸಂಜೆ ಮಾವನವರು ಒಂದು ಹಿಡಿ ತಿಂದು ತಟ್ಟೆಯನ್ನು ಕೆಳಗಿಟ್ಟರು.

ಸಿಸ್ಟ್ರಮ್ಮ ಮದುವೆಗೆ ಬರಲಿಲ್ಲ. ಡ್ಯೂಟಿ ಇದೆ ಎಂದು ಹೇಳಿಕಳಿಸಿದರು, ಒಂದು ಸ್ಟೀಲಿನ ಕುಕ್ಕರನ್ನೂ ಕಳಿಸಿದರು. ಆ ವರ್ಷದ ಕೊನೆಗೆ ಅವರಿಗೆ ಪಿರಿಯಾಪಟ್ಟಣದ ಕಡೆ ವರ್ಗವಾಯಿತು. ಅವರೇ ಕೇಳಿ ಹಾಕಿಸಿಕೊಂಡರು ಎಂದು ಊರಲ್ಲಿ ಹೇಳುತ್ತಿದ್ದರು. ಸಾಮಾನು ಹೇರಿದ ಟೆಂಪೊ ನಮ್ಮ ಮನೆಯ ಮುಂದೆಯೇ ಹೋಯಿತಂತೆ. ಅವ್ವ ಬಾಗಿಲ ಹಿಂದೆ ನಿಂತು ನೋಡಿದಳಂತೆ.

ಗಂಡನ ಮನೆಯಲ್ಲಿ ನನಗೆ ಕಷ್ಟವಿರಲಿಲ್ಲ. ಎರಡು ಮಕ್ಕಳಾದವು. ಮಾವನವರು ಕಡಿಮೆ ಮಾತಿನವರು. ವರ್ಷಕ್ಕೊಂದು ಸಲ, ಮನೆಗೆ ನೆಂಟರು ಬರುವ ದಿನ, ‘ಆ ಖಾರ ಒಂದು ಮಾಡು ಮಗ’ ಎನ್ನುತ್ತಿದ್ದರು. ದಪ್ಪ ತಳದ ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ಒಂದು ತಾಸು ಹುರಿದು ಮಾಡಿಕೊಡುತ್ತಿದ್ದೆ. ತಿನ್ನುತ್ತಿದ್ದರು. ಎರಡನೆಯ ಸಲ ಕೇಳುತ್ತಿರಲಿಲ್ಲ.

ಅವರು ಹಾಸಿಗೆ ಹಿಡಿದ ವರ್ಷ ಒಂದು ಮಧ್ಯಾಹ್ನ ಗಂಜಿ ಕುಡಿಸುತ್ತಿದ್ದೆ. ಹತ್ತಿರ ಯಾರೂ ಇರಲಿಲ್ಲ.

‘ಆವತ್ತಿಂದು ಆ ನರ್ಸಮ್ಮ ಮಾಡುದ್ದಲ್ವಾ’ ಎಂದರು.

ಹೌದು ಎಂದೆ. ಆ ಮನೆಗೆ ಬಂದು ಹತ್ತು ವರ್ಷದ ಮೇಲೆ ಮೊದಲ ಸಲ ಹೌದು ಎಂದೆ.

‘ನಂಗೆ ಆವತ್ತೇ ಗೊತ್ತಾಯ್ತು. ಕೈಗೆ ಬಟ್ಟೆ ಸುತ್ಕಂಡಿತ್ತು ಆ ಯಮ್ಮ. ನಿಜ ಏಳಿದ್ರೂ ತಿಂತಿದ್ದೆ ಕಣ್ ಮಗ. ಅದ್ರಲ್ಲೇನು.’

ಹಾಗಿದ್ದರೆ ನೀವೂ ಆವತ್ತು ಒಂದು ಮಾತು ಆಡಬಹುದಿತ್ತಲ್ಲ ಮಾವ ಎಂದು ಕೇಳಬೇಕೆನಿಸಿತು. ಕೇಳಲಿಲ್ಲ. ಅವರ ಅಕ್ಕ ಪಕ್ಕದಲ್ಲೇ ಕೂತಿದ್ದರು, ಮಾವನವರೂ ಹೆದರಿದ್ದರೇನೋ. ಇಡೀ ನಡುಮನೆಯಲ್ಲಿ ಒಬ್ಬರಿಗೊಬ್ಬರು ಹೆದರಿಕೊಂಡು ಕೂತಿದ್ದೆವು ಎಂದು ಆಗ ಅನಿಸಿತು. ಅದರಿಂದ ಸಮಾಧಾನವೇನೂ ಆಗಲಿಲ್ಲ. ಅವರು ಆ ಬೇಸಿಗೆಯಲ್ಲಿ ತೀರಿಕೊಂಡರು.

ಎರಡು ವರ್ಷ ಬಿಟ್ಟು ಅವ್ವನಿಗೆ ಹೊಟ್ಟೆಯಲ್ಲಿ ಗಡ್ಡೆ ಎಂದು ಮೈಸೂರಿನಲ್ಲಿ ಹೇಳಿದರು. ಮನೆಗೆ ಕರೆದುಕೊಂಡು ಹೋಗಿ ಎಂದರು. ನಾನು ತವರಿಗೆ ಹೋಗಿ ಅವಳ ಹತ್ತಿರ ಉಳಿದೆ. ಅವಳು ನೋವಿನ ನಡುವೆ ಹೇಳುತ್ತಿದ್ದುದು ಒಂದೇ ಮಾತು: ‘ಸಿಸ್ಟ್ರಮ್ಮನ್ನ ಒಂದ್ ಸಲ ಕರ್ಸವ್ವ.’

ಪಿರಿಯಾಪಟ್ಟಣದಲ್ಲಿ ವಿಚಾರಿಸಿದೆ. ಅವರು ರಿಟೈರ್ ಆಗಿ ಗಂಡನೊಂದಿಗೆ ಅಲ್ಲೇ ಬಾಡಿಗೆ ಮನೆಯಲ್ಲಿದ್ದರು. ಬಾಗಿಲು ತೆಗೆದ ಕೂಡಲೇ ಗುರುತು ಹಿಡಿದು ‘ಮೋಳೆ’ ಎಂದರು. ಕೂದಲು ಪೂರ್ತಿ ಬೆಳ್ಳಗಾಗಿತ್ತು, ಮಂಡಿ ಊದಿತ್ತು. ಚಹಾ ಕೊಟ್ಟರು, ಪ್ಯಾಕೆಟ್ಟಿನ ಬಿಸ್ಕತ್ತು ಇಟ್ಟರು. ನನ್ನ ಮಕ್ಕಳ ಬಗ್ಗೆ ಕೇಳಿದರು. ನಾನು ತಪ್ಪಾಯಿತು ಎಂದೆ. ಹೇಗೆ ಹೇಳಬೇಕೆಂದು ಬಸ್ಸಿನಲ್ಲಿ ಯೋಚಿಸಿದ್ದೆಲ್ಲ ಮರೆತುಹೋಗಿ ಅಷ್ಟೇ ಬಂತು.

ಅವರು ಬಿಸ್ಕತ್ತಿನ ತಟ್ಟೆಯನ್ನು ನನ್ನ ಕಡೆ ಸರಿಸಿದರು.

‘ಯಾರು ಮಾಡಿದ್ದು ಎಂದು ಹೇಳದಿದ್ದರೆ ನನಗೇನೂ ಬೇಜಾರಿರಲಿಲ್ಲ’ ಎಂದರು. ‘ಮನೆಯಲ್ಲಿ ಏನೂ ಮುಟ್ಟಿಸುವುದಿಲ್ಲ ಎಂದರು. ನಿನ್ನ ತಮ್ಮನನ್ನು ಮೊದಲು ಮುಟ್ಟಿದ್ದು ಯಾರು ಮೋಳೆ?’

ಅವ್ವ ಬಹಳ ದಿನ ಇರುವುದಿಲ್ಲ, ನಿಮ್ಮನ್ನು ನೋಡಬೇಕು ಎನ್ನುತ್ತಿದ್ದಾಳೆ ಎಂದೆ. ಅವರು ಮಂಡಿ ನೀವಿಕೊಂಡರು. ‘ಬಸ್ ಹತ್ತುವುದು ನನಗೆ ಕಷ್ಟ. ಪ್ರಾರ್ಥನೆ ಮಾಡುತ್ತೇನೆ ಎಂದು ಹೇಳು’ ಎಂದರು. ಫೋನ್ ನಂಬರನ್ನು ಚೀಟಿಯಲ್ಲಿ ಬರೆದುಕೊಟ್ಟರು. ಗೇಟಿನವರೆಗೂ ಬಂದು ಕಳಿಸಿದರು.

ಮನೆಗೆ ಬಂದಾಗ ಅವ್ವ ಬಾಗಿಲ ಕಡೆಗೇ ಕಣ್ಣಿಟ್ಟುಕೊಂಡಿದ್ದಳು. ‘ಏನಂದ್ರು?’ ಎಂದಳು.

‘ಬತ್ತೀನಿ ಅಂದವ್ರೆ’ ಎಂದೆ.

ಬರುವುದಿಲ್ಲ ಎನ್ನಲು ನನಗೆ ಬಾಯಿ ಬರಲಿಲ್ಲ. ಅವಳ ಮುಖದಲ್ಲಿ ಎಷ್ಟೋ ದಿನದ ಮೇಲೆ ಒಂದಿಷ್ಟು ಜೀವ ಬಂತು. ಅಂದಿನಿಂದ ಪ್ರತಿ ಬಸ್ಸಿನ ಸದ್ದಿಗೂ ‘ನೋಡವ್ವ, ಬಂದ್ರಾ’ ಎನ್ನತೊಡಗಿದಳು. ಇನ್ನೂ ಬಂದಿಲ್ಲ ಎನ್ನುತ್ತಿದ್ದೆ. ಹಾಸಿಗೆಯ ಪಕ್ಕದ ಕುರ್ಚಿಯ ಮೇಲೆ ಯಾರನ್ನೂ ಕೂರಗೊಡುತ್ತಿರಲಿಲ್ಲ.

ತಮ್ಮ ಇದನ್ನೆಲ್ಲ ನೋಡುತ್ತಿದ್ದ. ಇಪ್ಪತ್ತೊಂದು ವರ್ಷದವನು, ಆಗಷ್ಟೇ ಬೈಕು ಕೊಂಡಿದ್ದ. ಒಂದು ದಿನ ಹಿತ್ತಲಲ್ಲಿ ನನ್ನನ್ನು ಕೇಳಿದ:

‘ಅವ್ರಿಗೆ ಕಾಲ್ನೋವು ಅಂದ್ಯಲ್ಲಕ್ಕ. ನಾನೇ ಓಗಿ ಆಟೋ ಮಾಡಿ ಕರ್ಕಂಡ್ ಬತ್ತೀನಿ ಬುಡು. ಪಿರಿಯಾಪಟ್ಣ ಏನ್ ದೂರ.’

‘ಬ್ಯಾಡ’ ಎಂದೆ. ‘ಅವ್ರೇ ಬತ್ತಾರೆ. ನೀನೋಗಿ ಬಲವಂತ ಮಾಡ್ಬ್ಯಾಡ.’

ಅವನು ಹೋದರೆ ಅವರು ಬರುವುದಿಲ್ಲ ಎಂದಿದ್ದು ಗೊತ್ತಾಗುತ್ತದೆ, ನಾನು ಹೇಳಿದ್ದು ಸುಳ್ಳು ಎಂದು ಅವ್ವನಿಗೆ ತಿಳಿಯುತ್ತದೆ ಎಂಬ ಭಯ ನನಗೆ. ಆ ಹೊತ್ತಿಗೆ ಅದು ಬಿಟ್ಟು ಬೇರೇನೂ ತೋಚಲಿಲ್ಲ. ಅವನು ಮತ್ತೆ ಎರಡು ಸಲ ಕೇಳಿದ. ಎರಡು ಸಲವೂ ತಡೆದೆ.

ಅವ್ವ ಹದಿನೆಂಟು ದಿನ ಕಾದಳು. ಕೊನೆಯ ಎರಡು ದಿನ ಅವಳಿಗೆ ಯಾರ ಗುರುತೂ ಇರಲಿಲ್ಲ, ಆದರೂ ಬಸ್ಸಿನ ಸದ್ದಿಗೆ ಕಣ್ಣು ತೆರೆಯುತ್ತಿದ್ದಳು. ಒಂದು ಬೆಳಿಗ್ಗೆ ತೆರೆಯಲಿಲ್ಲ.

ಮಣ್ಣು ಮಾಡಿ ಬಂದ ಮರುದಿನ ಸಿಸ್ಟ್ರಮ್ಮನಿಗೆ ಫೋನ್ ಮಾಡಿದೆ. ಸುದ್ದಿ ಕೇಳಿ ಅವರ ಭಾಷೆಯಲ್ಲಿ ಮೆಲ್ಲಗೆ ಏನೋ ಹೇಳಿಕೊಂಡರು. ಅಳುವೋ ಪ್ರಾರ್ಥನೆಯೋ ತಿಳಿಯಲಿಲ್ಲ. ಆಮೇಲೆ ತಮ್ಮ ಹೇಗಿದ್ದಾನೆ, ಎಷ್ಟು ಎತ್ತರವಾಗಿದ್ದಾನೆ ಎಂದು ಕೇಳಿದರು.

‘ನೀನು ಒಬ್ಬಳೇ ಬಂದೆ ಆವತ್ತು’ ಎಂದರು. ‘ಮೋನ್ ಬಂದು ಕರೆಯುತ್ತಾನೆ ಎಂದು ಆಮೇಲೆ ಸ್ವಲ್ಪ ದಿನ ನೋಡಿದೆ. ಅವನು ಕರೆದಿದ್ದರೆ ಬರುತ್ತಿದ್ದೆ.’

ಹೊರಗೆ ತಮ್ಮ ನೆಂಟರಿಗೆ ನೀರು ಕೊಡುತ್ತಿದ್ದ. ಯಾರ ಫೋನು ಎಂದು ಅಲ್ಲಿಂದಲೇ ಕೇಳಿದ. ಊರಿನವರದು ಎಂದೆ. ಅವರು ಹೇಳಿದ್ದನ್ನು ಅವನಿಗೆ ಇವತ್ತಿನವರೆಗೂ ಹೇಳಿಲ್ಲ.